ಬಿಸಿಯಾದ ಮೇಲೆ ನಿಂತುಬಿಡುವ ಎಂಜಿಬಿ: ದಿನನಿತ್ಯ ಓಡಿಸುವವರಿಗಾಗಿ ದೋಷ ನಿವಾರಣೆ ಕೈಪಿಡಿ

ಬೆಳಿಗ್ಗೆ ದಾವಣಗೆರೆಯಲ್ಲಿ ಚೋಕ್ ಎಳೆದು ಕೀಲಿ ತಿರುಗಿಸಿದೊಡನೆ ಸ್ಟಾರ್ಟ್ ಆಗುತ್ತದೆ, ಪಿ.ಬಿ. ರಸ್ತೆಯ ದಟ್ಟಣೆಯನ್ನು ದಾಟಿ ಹೆದ್ದಾರಿಗೆ ಬರುವವರೆಗೆ ಯಾವ ತಕರಾರೂ ಇರುವುದಿಲ್ಲ. ಭರಮಸಾಗರದ ಆಸುಪಾಸಿನಲ್ಲೋ ಚಿತ್ರದುರ್ಗದ ಗುಡ್ಡಗಳು ಕಾಣತೊಡಗಿದ ಮೇಲೋ ಎಂಜಿನ್ ನಿಂತುಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ದೋಷವೇ ಕಾಣಿಸುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರನ್ನು ಭಾನುವಾರದ ಶೋಕಿಗಲ್ಲದೆ ಪ್ರತಿದಿನದ ಕೆಲಸಕ್ಕೆ ಬಳಸುವವರನ್ನು ಅತಿ ಹೆಚ್ಚು ಕಾಡುವುದು ಈ ಒಂದು ದೋಷ. ಈ ಬರಹ ಅದಕ್ಕೆ ಮಾತ್ರ ಮೀಸಲು.

ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಎಂಜಿಬಿ: 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಹಿಂಬದಿಯಲ್ಲಿ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್, ಲ್ಯೂಕಾಸ್ ವಿದ್ಯುತ್ ಸಾಮಗ್ರಿ. ನಮ್ಮ ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ ಸೀರೀಸ್ ಕುಟುಂಬಕ್ಕೆ ಸೇರಿದ್ದು. ಆದುದರಿಂದ ಅಂಬಾಸಿಡರ್‌ಗಳ ಟ್ಯಾಪೆಟ್ ಹಾಗೂ ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್) ಹೊಂದಿಸಿ ಪಳಗಿದ ಹಿರಿಯ ಮೆಕ್ಯಾನಿಕ್ ನಿಮ್ಮ ಊರಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ, ಈ ಕಾರಿಗೆ ಅವರಿಗಿಂತ ಒಳ್ಳೆಯ ಕೈ ಸಿಗಲಾರದು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ದೋಷವನ್ನು ಪತ್ತೆಹಚ್ಚಬೇಕಾದದ್ದು ಕಾರು ನಿಂತ ಜಾಗದಲ್ಲಿ, ಎಂಜಿನ್ ಬಿಸಿಯಾಗಿರುವಾಗಲೇ. ತಣ್ಣಗಾದ ಮೇಲೆ ಮಾಡುವ ಯಾವ ಪರೀಕ್ಷೆಯೂ ಸರಿಯಾದ ಉತ್ತರ ಕೊಡುವುದಿಲ್ಲ, ಏಕೆಂದರೆ ತಣ್ಣಗಾದ ಕ್ಷಣಕ್ಕೆ ದೋಷವೇ ಮಾಯವಾಗಿರುತ್ತದೆ. ಹೆಚ್ಚಿನವರು ನಿಂತ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ದು, ಅಲ್ಲಿ ಕಾಯಿಲ್ (ಕಿಡಿಗೆ ಬೇಕಾದ ಅಧಿಕ ವೋಲ್ಟೇಜ್ ಕೊಡುವ ಸುರುಳಿ) ಬದಲಿಸಿ, ಮತ್ತೆ ನಿಂತಾಗ ಪಂಪ್ ಬದಲಿಸಿ, ಮತ್ತೆ ನಿಂತಾಗ ಕಾರ್ಬುರೇಟರ್ ಬಿಚ್ಚಿಸಿ, ಕೊನೆಗೆ ಈ ಕಾರು ದಿನಬಳಕೆಗೆ ಲಾಯಕ್ಕಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಿಡಿಭಾಗಗಳನ್ನು ಬದಲಿಸುವ ಮುನ್ನ ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು: ನಿಂತ ಕ್ಷಣದಲ್ಲಿ ಇಲ್ಲವಾದದ್ದು ಕಿಡಿಯೋ, ಪೆಟ್ರೋಲೋ?

ನಿಂತ ರೀತಿಯನ್ನು ಗಮನಿಸುವುದು

ಬಾನೆಟ್ ಎತ್ತುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಯಾರೋ ಕೀಲಿಯನ್ನು ಆಫ್ ಮಾಡಿದಂತೆ ಎಂಜಿನ್ ಒಮ್ಮೆಲೇ ಸ್ತಬ್ಧವಾಯಿತೆಂದರೆ ಸಾಮಾನ್ಯವಾಗಿ ಅದು ಕರೆಂಟಿನ ದೋಷ. ಮೊದಲು ಎಳೆತ ಕಡಿಮೆಯಾಗಿ, ಆಮೇಲೆ ಮಿಸ್ಸಿಂಗ್ ಶುರುವಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತಾ ನಿಧಾನವಾಗಿ ನಿಂತರೆ ಪೆಟ್ರೋಲ್ ತಲುಪುತ್ತಿಲ್ಲ ಎಂದರ್ಥ. ಇದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಬ್ಬ ನಂಬಿಕಸ್ಥ ಸಾಕ್ಷಿಯೂ ಇದೆ. ಎಲೆಕ್ಟ್ರಾನಿಕ್ ಟ್ಯಾಕೋಮೀಟರ್ ಇರುವ ಕಾರುಗಳಲ್ಲಿ ಆ ಮುಳ್ಳನ್ನು ಓಡಿಸುವುದು ಇಗ್ನಿಷನ್ ಸರ್ಕ್ಯೂಟ್. ಗೇರ್‌ನಲ್ಲಿದ್ದು ಕಾರು ಇನ್ನೂ ಉರುಳುತ್ತಿರುವಾಗಲೇ, ಅಂದರೆ ಎಂಜಿನ್ ತಿರುಗುತ್ತಿರುವಾಗಲೇ, ಮುಳ್ಳು ಸರ್ರನೆ ಸೊನ್ನೆಗೆ ಬಿದ್ದರೆ ಕಾಯಿಲಿನ ಪ್ರೈಮರಿ ಸರ್ಕ್ಯೂಟ್ (ಬ್ಯಾಟರಿಯ ಕರೆಂಟ್ ಹರಿಯುವ ಬದಿ) ಕಡಿದಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಕಾರಿನ ವೇಗದ ಜೊತೆಜೊತೆಗೆ ಮುಳ್ಳೂ ಮೆಲ್ಲಗೆ ಇಳಿದರೆ ಪ್ರೈಮರಿ ಸರ್ಕ್ಯೂಟ್ ಕೆಲಸ ಮಾಡುತ್ತಿದೆ. ದೋಷವನ್ನು ಪೆಟ್ರೋಲಿನಲ್ಲಿ, ಅಥವಾ ಕಾಯಿಲಿನಿಂದ ಮುಂದಿನ, ಪ್ಲಗ್‌ವರೆಗಿನ ಹೈಟೆನ್ಷನ್ (ಅಧಿಕ ವೋಲ್ಟೇಜ್) ಭಾಗದಲ್ಲಿ ಹುಡುಕಬೇಕು. ಆದ್ದರಿಂದ ಎಂಜಿನ್ ಕೈಕೊಟ್ಟ ಕೂಡಲೇ ಕ್ಲಚ್ ಒತ್ತಬೇಡಿ. ಹಿಂದೆ ಲಾರಿ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು, ಎಡಕ್ಕೆ ಇಂಡಿಕೇಟರ್ ಹಾಕಿ, ಗೇರ್‌ನಲ್ಲಿಯೇ ಉರುಳುತ್ತಾ ಬದಿಗೆ ಸರಿಯುವ ಆ ಕೆಲವು ಸೆಕೆಂಡುಗಳಲ್ಲಿ ಮುಳ್ಳಿನ ಕಡೆ ಒಮ್ಮೆ ಕಣ್ಣು ಹಾಯಿಸಿ.

ಮೊದಲ ಎರಡು ನಿಮಿಷ

ಕಾರು ನಿಂತ ಮೇಲೆ ಕೀಲಿಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡದೆ, ಸುಮ್ಮನೆ ಕಿವಿಗೊಡಿ. ಎಸ್‌ಯು ಪಂಪ್ ಟಿಕ್ ಟಿಕ್ ಎಂದು ಕೆಲವು ಸಲ ಬಡಿದು, ನಿಧಾನವಾಗಿ, ಆಮೇಲೆ ಸುಮ್ಮನಾದರೆ ಫ್ಲೋಟ್ ಚೇಂಬರ್‌ಗಳ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲುಗಳ) ಕಡೆಗೆ ಒತ್ತಡ ತಲುಪಿದೆ. ಬಿಡುವಿಲ್ಲದೆ ವೇಗವಾಗಿ ಬಡಿಯುತ್ತಲೇ ಇದ್ದರೆ ಅದು ಪೆಟ್ರೋಲಿನ ಬದಲು ಗಾಳಿಯನ್ನೋ ಆವಿಯನ್ನೋ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಅದರ ಪಾಯಿಂಟ್‌ಗಳು ಹಿಡಿದುಕೊಂಡಿವೆ. ಹೆದ್ದಾರಿಯ ಗದ್ದಲದಲ್ಲಿ ಈ ಸದ್ದು ಕೇಳಿಸದೆ ಹೋಗಬಹುದು. ಹಿಂಬದಿಯ ಬಲಭಾಗಕ್ಕೆ ಹೋಗಿ ಬಗ್ಗಿ ಕೇಳಿದರೆ ತಿಳಿಯುತ್ತದೆ.

ಅನಂತರ ಕಿಡಿಯ ಪರೀಕ್ಷೆ. ಇದನ್ನು ಪೆಟ್ರೋಲ್ ಪೈಪುಗಳನ್ನು ಬಿಚ್ಚುವ ಮೊದಲೇ ಮುಗಿಸಬೇಕೆಂಬುದು ಕಡ್ಡಾಯ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚೆಲ್ಲಿದ ಬಳಿಕ ಕಿಡಿ ಹಾರಿಸುವುದು ಕಾರನ್ನು ಸುಡುವ ದಾರಿ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪಿನ ನಡುವಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಕೆಯ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಬ್ಲಾಕಿನ ಬರಿ ಲೋಹದಿಂದ ಸುಮಾರು 6 ಮಿಮೀ ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ಚಟ್ ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ) ಮೂರೂ ಆ ಕ್ಷಣಕ್ಕೆ ನಿರ್ದೋಷಿಗಳು. ಹಳದಿಯಾಗಿ, ಸಪ್ಪೆಯಾಗಿ, ಆಗೊಮ್ಮೆ ಈಗೊಮ್ಮೆ ಬಂದರೆ ಅಥವಾ ಬಾರದೇ ಇದ್ದರೆ ಮುಂದಿನ ಭಾಗವನ್ನು ಓದಿ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಭಾಗಕ್ಕೆ ಹೋಗುವ ಮುನ್ನ, ಕೆಳಗೆ ಹೇಳಿರುವ ರೋಟರ್ (ಡಿಸ್ಟ್ರಿಬ್ಯೂಟರ್‌ನೊಳಗೆ ತಿರುಗುತ್ತಾ ಕಿಡಿ ಹಂಚುವ ತೋಳು) ಪರೀಕ್ಷೆಯೊಂದನ್ನು ಮಾತ್ರ ಮಾಡಿಕೊಳ್ಳಿ.

ಕಿಡಿ ಇಲ್ಲದಿದ್ದರೆ

ಇಲ್ಲಿ ಬೇಕಾದ ಸಲಕರಣೆ ಒಂದು ಸಾಧಾರಣ 12 ವೋಲ್ಟಿನ ಟೆಸ್ಟ್ ಲ್ಯಾಂಪ್. ಮಲ್ಟಿಮೀಟರ್‌ಗಿಂತ ನಾನು ಇದನ್ನೇ ಇಷ್ಟಪಡುತ್ತೇನೆ. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ಥ್ ಕಾರುಗಳು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸಿದವು. ಅವುಗಳಲ್ಲಿ ಮೀಟರಿನ ಕೆಂಪು-ಕಪ್ಪು ತುದಿಗಳು ಅದಲುಬದಲಾಗಿ ಗೊಂದಲವಾಗುತ್ತದೆ, ಬಲ್ಬಿಗೆ ಆ ಭೇದವಿಲ್ಲ. ಇದಲ್ಲದೆ, ಒಂದೇ ಒಂದು ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿ ನಂಬಿಸುತ್ತದೆ; ಬಲ್ಬಾದರೆ ಮಂಕಾಗಿ ಉರಿದು ನಿಜ ಹೇಳುವ ಸಂಭವ ಹೆಚ್ಚು.

ಲ್ಯಾಂಪಿನ ಒಂದು ತುದಿಯನ್ನು ಅರ್ಥ್‌ಗೆ ಕೊಟ್ಟು, ಇನ್ನೊಂದನ್ನು ಕಾಯಿಲಿಗೆ ಬಿಳಿ ವೈರ್ ಬರುವ ಟರ್ಮಿನಲ್‌ಗೆ ಮುಟ್ಟಿಸಿ. ಕೀಲಿ ಆನ್ ಇದ್ದರೂ ಅಲ್ಲಿ ಉರಿಯದಿದ್ದರೆ ಕಾಯಿಲಿನದ್ದು ತಪ್ಪಲ್ಲ. ಲ್ಯೂಕಾಸ್ ಪದ್ಧತಿಯಲ್ಲಿ ಬಿಳಿ ಬಣ್ಣವೆಂದರೆ ಕೀಲಿಯ ಮೂಲಕ ಬರುವ, ಫ್ಯೂಸ್ ಇಲ್ಲದ ಕರೆಂಟ್. ಕಾಯಿಲಿಗೂ ಪೆಟ್ರೋಲ್ ಪಂಪಿಗೂ ಅದೇ ಹೋಗುತ್ತದೆ. ಆದ್ದರಿಂದ ಕಿಡಿಯೂ ಇಲ್ಲ, ಪಂಪಿನ ಟಿಕ್ ಸದ್ದೂ ಇಲ್ಲ ಎಂದಾದಾಗ ಎರಡು ಬೇರೆ ದೋಷಗಳನ್ನು ಹುಡುಕುತ್ತಾ ಕೂರಬೇಡಿ. ಇಗ್ನಿಷನ್ ಸ್ವಿಚ್, ಅಥವಾ ಬಿಳಿ ವೈರಿನ ಬುಲೆಟ್ ಕನೆಕ್ಟರ್ ಬಿಸಿಗೆ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಕಡೆಯ ಕೆಂಪು ದೂಳು ಈ ಕನೆಕ್ಟರ್‌ಗಳ ರಬ್ಬರ್ ತೋಳಿನೊಳಗೆ ಸೇರಿ, ಮಳೆಗಾಲದ ತೇವಕ್ಕೆ ಗಟ್ಟಿಯಾಗಿ, ಹಿತ್ತಾಳೆಗೆ ಹಸಿರು ಹಿಡಿಸುತ್ತದೆ. ಕಿತ್ತು, ಎಮರಿ ಪೇಪರಿನಲ್ಲಿ ಉಜ್ಜಿ, ತೋಳನ್ನು ಬಿಗಿಮಾಡಿ ಸೇರಿಸುವುದು ಐದು ನಿಮಿಷದ ಕೆಲಸ.

ಬಿಳಿ ವೈರಿನಲ್ಲಿ ಕರೆಂಟ್ ಇದ್ದರೆ, ಲ್ಯಾಂಪನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ ವರ್ಗಾಯಿಸಿ ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿನುಗಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಸದಾ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಡಿಸ್ಟ್ರಿಬ್ಯೂಟರ್‌ನೊಳಗಿನ ವೈರ್ ಕಡಿದಿದೆ. ಉರಿಯದೇ ಇದ್ದರೆ ಎಲ್ಲೋ ಅರ್ಥ್ ತಗುಲಿದೆ, ಇಲ್ಲವೇ ಕಾಯಿಲಿನೊಳಗೇ ಕಡಿತವಿದೆ. ಡಿಸ್ಟ್ರಿಬ್ಯೂಟರ್ ವೈರನ್ನು ಕಾಯಿಲಿನಿಂದ ಕಿತ್ತು ಮತ್ತೆ ಮುಟ್ಟಿಸಿದಾಗ ಉರಿದರೆ ಮೊದಲನೆಯದು, ಉರಿಯದಿದ್ದರೆ ಎರಡನೆಯದು.

ಲ್ಯಾಂಪ್ ಸರಿಯಾಗಿ ಮಿನುಗುತ್ತಿದ್ದು ಕಿಡಿ ಮಾತ್ರ ಸಪ್ಪೆಯಾಗಿದ್ದರೆ ಮೊದಲು ಸಂಶಯಪಡಬೇಕಾದದ್ದು ಕಂಡೆನ್ಸರ್. ಬೆರಳಿನ ತುದಿಯಷ್ಟಿರುವ ಈ ವಸ್ತು ತಣ್ಣಗಿದ್ದಾಗ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ, ಬಿಸಿ ಏರಿದಾಗ ಒಳಗಿಂದ ಸೋರತೊಡಗುತ್ತದೆ. ಕ್ಯಾಪ್ ತೆಗೆದು ಪಾಯಿಂಟನ್ನು ಉಗುರಿನಿಂದ ತೆರೆದು ನೋಡಿ: ತೆರೆದಾಗ ನಡುವೆ ದಪ್ಪ ಕಿಡಿ ಹಾರಿದರೆ, ಪಾಯಿಂಟಿನ ಮುಖ ನೀಲಿಗಟ್ಟಿದ್ದರೆ, ಕಂಡೆನ್ಸರ್ ತನ್ನ ಕೆಲಸ ಮಾಡುತ್ತಿಲ್ಲ. ರಸ್ತೆಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಬಿಚ್ಚಿ ಸಣ್ಣ ಸ್ಕ್ರೂ ಕಳೆದುಕೊಳ್ಳುವ ಅಗತ್ಯವಿಲ್ಲ. ಮೊಸಳೆ ಕ್ಲಿಪ್ ಬೆಸುಗೆ ಹಾಕಿಟ್ಟುಕೊಂಡ ಒಂದು ಕಂಡೆನ್ಸರನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಬದಿಯ ಟರ್ಮಿನಲ್‌ಗೂ ಅರ್ಥ್‌ಗೂ ನಡುವೆ ಸಿಕ್ಕಿಸಿ, ಹಳೆಯದರ ವೈರನ್ನು ಬಿಡಿಸಿಬಿಟ್ಟರೆ ಎಂಜಿನ್ ಹೊರಡುತ್ತದೆ, ಮನೆಯವರೆಗೂ ಓಡುತ್ತದೆ. ಹೊಸ ಕಂಡೆನ್ಸರ್ ಹಾಕಿಸಿದ್ದೇನೆ, ಅದಿರಲಾರದು ಎಂದು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಈಗ ಮಾರುಕಟ್ಟೆಯಲ್ಲಿ ಸಿಗುವ ಹೊಸದಕ್ಕಿಂತ ಕಾರಿನಿಂದ ತೆಗೆದಿಟ್ಟ ಹಳೆಯದು ಹೆಚ್ಚು ಬಾಳಿಕೆ ಬಂದದ್ದನ್ನು ಕಂಡಿದ್ದೇನೆ. ಚೆನ್ನಾಗಿ ಓಡಿದ ಕಂಡೆನ್ಸರನ್ನು ಸರ್ವಿಸ್ ಹೆಸರಿನಲ್ಲಿ ಕಿತ್ತೆಸೆಯುವುದು ಬೇಡ.

ಕಾಯಿಲಿನ ವಿಷಯದಲ್ಲಿ ಒಂದು ಎಚ್ಚರಿಕೆ. 1974ರ ನಂತರದ ರಬ್ಬರ್ ಬಂಪರ್ ಕಾರುಗಳಲ್ಲಿ ಬ್ಯಾಲಸ್ಟ್ ವೈರ್ (ಕರೆಂಟನ್ನು ತಗ್ಗಿಸುವ ವೈರ್) ಜೊತೆಗೆ ಕೆಲಸ ಮಾಡುವ, ಸುಮಾರು 1.5 ಓಮ್ ಪ್ರೈಮರಿಯ ಕಾಯಿಲ್ ಇರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಸುಮಾರು 3 ಓಮ್‌ನದು. ಅಂಗಡಿಯವರು ಕೊಟ್ಟ 1.5 ಓಮ್ ಕಾಯಿಲನ್ನು ಹಳೆಯ ಕಾರಿಗೆ ನೇರವಾಗಿ ಹಾಕಿದರೆ ಅದು ಎರಡುಪಟ್ಟು ಕರೆಂಟ್ ಎಳೆದು, ಕೈ ಇಡಲಾಗದಷ್ಟು ಕಾದು, ಪಾಯಿಂಟನ್ನೂ ಸುಟ್ಟು, ನಿಖರವಾಗಿ ನಾವು ಹುಡುಕುತ್ತಿರುವ ದೋಷವನ್ನೇ ತಂದಿಡುತ್ತದೆ. ವೈರ್ ಕಿತ್ತು ಎರಡು ಟರ್ಮಿನಲ್‌ಗಳ ನಡುವೆ ಓಮ್ ಅಳೆದರೆ ಸಾಕು. ಇಲ್ಲಿ ಮಾತ್ರ ಮೀಟರ್ ಬೇಕೇ ಬೇಕು.

ರೋಟರ್ ಆರ್ಮ್ ಕೂಡ ಒಳಗಿನ ರಿವೆಟ್ ಮೂಲಕ ಶಾಫ್ಟಿಗೆ ಕಿಡಿ ಬಿಟ್ಟುಕೊಡುವುದುಂಟು. ಕ್ಯಾಪ್ ತೆಗೆದು, ನಡುವಿನ ದಪ್ಪ ವೈರನ್ನು ರೋಟರ್‌ನ ಹಿತ್ತಾಳೆಗೆ ಸಮೀಪ ಹಿಡಿದು, ಕೀಲಿ ಆನ್ ಇಟ್ಟು, ಮುಚ್ಚಿದ ಪಾಯಿಂಟನ್ನು ಕೈಯಿಂದ ತೆರೆದಾಗ ರೋಟರಿಗೆ ಕಿಡಿ ಹಾರಿದರೆ ಅದು ಕೆಟ್ಟಿದೆ, ಏಕೆಂದರೆ ಒಳ್ಳೆಯ ರೋಟರಿನಿಂದ ಕಿಡಿಗೆ ಮುಂದೆ ಹೋಗಲು ದಾರಿಯಿರುವುದಿಲ್ಲ.

ಇಷ್ಟೆಲ್ಲ ನೋಡಿದರೂ ಸಿಗದ ಒಂದು ದೋಷವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ನೇಹಿತರೊಬ್ಬರ ಎಂಜಿಬಿ ಊರೊಳಗೆ ಎಷ್ಟು ಸುತ್ತಿದರೂ ನಿಲ್ಲುತ್ತಿರಲಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ತುಸು ಸಡಿಲಿಸಿದಾಗ ಮಾತ್ರ ಕಡಿಯುತ್ತಿತ್ತು, ಪೂರ್ತಿ ಒತ್ತಿದರೆ ಮತ್ತೆ ಹಿಡಿಯುತ್ತಿತ್ತು. ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಪೂರ್ತಿ ಒತ್ತಿದಾಗ ಸರಿ ಹೋಗುತ್ತೆ ಅಂತೀರಲ್ಲ, ವ್ಯಾಕ್ಯೂಮ್ ಪೈಪ್ ಕಿತ್ತು ಓಡಿಸಿ ನೋಡಿದ್ರಾ?" ಕಿತ್ತು ಓಡಿಸಿದಾಗ ದೋಷ ಮಾಯವಾಯಿತು. ಆಕ್ಸಿಲರೇಟರ್ ಅರೆಬರೆ ತೆರೆದಿರುವಾಗ ವ್ಯಾಕ್ಯೂಮ್ ಹೆಚ್ಚಿ, ಡಿಸ್ಟ್ರಿಬ್ಯೂಟರ್‌ನೊಳಗಿನ ಬೇಸ್ ಪ್ಲೇಟ್ ತಿರುಗುತ್ತದೆ. ಅದರ ಜೊತೆಗೆ ಪಾಯಿಂಟಿಗೆ ಹೋಗುವ ಸಣ್ಣ ವೈರೂ, ಪ್ಲೇಟಿನ ಅರ್ಥ್ ವೈರೂ ಪ್ರತಿಸಲ ಬಾಗುತ್ತವೆ. ಕ್ಯಾಪ್ ತೆಗೆದು ನೋಡಿದಾಗ ಎರಡೂ ವೈರ್‌ಗಳು ಚೆನ್ನಾಗಿಯೇ ಕಾಣುತ್ತಿದ್ದವು. ಪಾಯಿಂಟಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದು ಒಂದು ಜಾಗದಲ್ಲಿ ಹಿಗ್ಗಿತು. ಹೊರಗಿನ ಕವಚ ಅಖಂಡವಾಗಿತ್ತು, ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು. ಬೇಸ್ ಪ್ಲೇಟನ್ನು ಸ್ಕ್ರೂಡ್ರೈವರ್‌ನಿಂದ ಅತ್ತಿತ್ತ ಸರಿಸುತ್ತಾ ಲ್ಯಾಂಪನ್ನು ಗಮನಿಸಿದರೆ ಈ ದೋಷವನ್ನು ಯಾರಾದರೂ ಹಿಡಿಯಬಹುದು. ಬದಲಿಗೆ ಹಾಕುವ ವೈರ್ ಬಹಳ ಸೂಕ್ಷ್ಮ ಎಳೆಗಳ, ಮೆತ್ತನೆಯ ಜಾತಿಯದೇ ಆಗಿರಬೇಕು. ಮನೆಯ ವೈರಿಂಗಿನ ತುಂಡು ಹಾಕಿದರೆ ಅದು ಬೇಗ ಮುರಿಯುತ್ತದೆ, ಪ್ಲೇಟ್ ತಿರುಗುವುದಕ್ಕೂ ಅಡ್ಡಿಯಾಗುತ್ತದೆ. ಕೊನೆಯಲ್ಲಿ ಪಾಯಿಂಟ್ ಗ್ಯಾಪನ್ನು 0.35ರಿಂದ 0.40 ಮಿಮೀ ಒಳಗೆ ಫೀಲರ್ ಗೇಜಿನಿಂದ ಹೊಂದಿಸಿಕೊಳ್ಳಿ.

ಕಿಡಿ ಇದ್ದು ಪೆಟ್ರೋಲ್ ಇಲ್ಲದಿದ್ದರೆ

ಎಂಜಿಬಿಯಲ್ಲಿ ಕಾರ್ಬುರೇಟರ್‌ಗಳೂ ಸೈಲೆನ್ಸರ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಬದಿಯಲ್ಲಿ, ಎಡಗಡೆಗೆ, ಒಂದರ ಪಕ್ಕ ಒಂದು ಇವೆ. ಆದುದರಿಂದ ಪೆಟ್ರೋಲ್ ಪೈಪ್ ಬಿಚ್ಚುವಾಗ ಕೀಲಿ ಆಫ್ ಇರಲಿ, ಅಗ್ನಿಶಾಮಕ ಕೈಗೆಟುಕುವಲ್ಲಿರಲಿ, ಸುತ್ತ ಬೀಡಿ ಸೇದುವ ಕುತೂಹಲಿಗಳನ್ನು ದೂರ ಕಳಿಸಿ. ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಅದಕ್ಕೆ ಉದ್ದದ ಹೋಸ್ ಸೇರಿಸಿ, ಕಾರಿನ ಮುಂದೆ ನೆಲದ ಮೇಲಿಟ್ಟ ಲೋಹದ ಡಬ್ಬಿಗೆ ಇಳಿಬಿಟ್ಟು ಕೀಲಿ ಆನ್ ಮಾಡಿ. ಗುಳ್ಳೆಗಳಿಲ್ಲದೆ ಪೆಟ್ರೋಲ್ ದಾರಾಳವಾಗಿ ಬರಬೇಕು. ಒಂದು ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಬಂದರೆ ಪಂಪಿನಲ್ಲೋ ಅದರ ಹಿಂದೆಯೋ ತಡೆ ಇದೆ. ಚೆನ್ನಾಗಿ ಬಂದರೂ ಫ್ಲೋಟ್ ಚೇಂಬರ್ ಒಣಗಿದ್ದರೆ ಅದರೊಳಕ್ಕೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಅಂಟಿಕೊಂಡಿದೆ.

ಹರಿವು ಮೊದಲು ಚೆನ್ನಾಗಿದ್ದು ಕ್ರಮೇಣ ಸೊರಗಿದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಕ್ಕೆ ಎಳೆದ ಸದ್ದು ಕೇಳಿ, ಹರಿವು ಮತ್ತೆ ಚುರುಕಾದರೆ ದೋಷ ಸಿಕ್ಕಿತು: ಗಾಳಿರಂಧ್ರವಿಲ್ಲದ, ಬೇರೆ ಯಾವುದೋ ವಾಹನದ ಮುಚ್ಚಳ ಅಲ್ಲಿ ಕೂತಿದೆ, ಅಥವಾ ಇರುವ ರಂಧ್ರ ಕಟ್ಟಿಕೊಂಡಿದೆ. ಮುಚ್ಚಳದಿಂದ ಏನೂ ವ್ಯತ್ಯಾಸವಾಗದಿದ್ದರೆ ಪಂಪಿನ ಒಳಗಿನ ಜಾಲರಿಯನ್ನೂ ಟ್ಯಾಂಕಿನ ತಳದ ತುಕ್ಕನ್ನೂ ನೋಡಬೇಕು. ಪಂಪೇ ಬಡಿಯದಿದ್ದಾಗ ಅದರ ಮೈಗೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿದರೆ ಎಚ್ಚರಗೊಳ್ಳುವುದುಂಟು. ತಟ್ಟಿ ಮನೆಗೆ ಬರಬಹುದು, ಆದರೆ ಬಂದ ಮೇಲೆ ಅದರ ಪಾಯಿಂಟ್‌ಗಳನ್ನೂ ಅರ್ಥ್ ವೈರನ್ನೂ ಶುದ್ಧಮಾಡಲೇಬೇಕು.

ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಎಲ್ಲ ಬಂಕ್‌ಗಳಿಗೂ ಬಂದಿರುವುದರಿಂದ ರಬ್ಬರ್ ಹೋಸ್‌ಗಳ ಬಗ್ಗೆ ಮೊದಲಿಗಿಂತ ಹೆಚ್ಚಿನ ನಿಗಾ ಬೇಕು. ಹಳೆಯ ಜಾತಿಯ ರಬ್ಬರನ್ನು ಎಥನಾಲ್ ಮೆತ್ತಗಾಗಿಸುತ್ತದೆ. ಹೊರಗಿನಿಂದ ಸರಿಯಾಗಿ ಕಾಣುವ ಹೋಸ್ ಒಳಗೆ ಊದಿಕೊಂಡು ದಾರಿಯನ್ನು ಕಿರಿದಾಗಿಸುತ್ತದೆ, ಇಲ್ಲವೇ ಕಪ್ಪು ಪುಡಿ ಉದುರಿಸಿ ನೀಡಲ್ ವಾಲ್ವಿಗೆ ಸಿಕ್ಕಿಸುತ್ತದೆ. ಎಥನಾಲ್ ತಡೆಯುವ ಆರ್9 ದರ್ಜೆಯ ಹೋಸ್ ಹಾಕಿಸಿ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದಾದ್ದರಿಂದ ವಾರಗಟ್ಟಲೆ ನಿಂತ ಕಾರಿಗಿಂತ ಪ್ರತಿದಿನ ಓಡುವ ಕಾರಿಗೆ ಇದರ ಕಾಟ ಕಡಿಮೆ. ದಿನನಿತ್ಯ ಓಡಿಸುವುದರ ಪರವಾಗಿ ನಾನು ವಾದಿಸಲು ಇದೂ ಒಂದು ಕಾರಣ.

ವೇಪರ್ ಲಾಕ್ ಎಂಬ ಆರೋಪ

ಬೇಸಿಗೆಯಲ್ಲಿ ಹಳೆಯ ಕಾರು ನಿಂತರೆ ಸುತ್ತ ನೆರೆದವರೆಲ್ಲ ಮೊದಲು ಹೇಳುವುದು ಇದನ್ನೇ: ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಹರಿವು ಕಟ್ಟಿಕೊಂಡಿದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿಯ ಸಮೀಪಕ್ಕೆ ಹೋಗುವುದರಿಂದ ಮಾತು ನಂಬುವಂತೆಯೂ ಇರುತ್ತದೆ. ಆದರೆ ಈ ಕಾರಿನ ಪಂಪ್ ಇರುವುದು ಹಿಂದೆ, ಎಂಜಿನ್ನಿನ ಬಿಸಿಯಿಂದ ದೂರದಲ್ಲಿ; ಅದು ಪೆಟ್ರೋಲನ್ನು ಮುಂದಿನಿಂದ ಎಳೆಯದೆ ಹಿಂದಿನಿಂದ ಒತ್ತುತ್ತದೆ, ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಬಾನೆಟ್ಟಿನೊಳಗೆ ಗಾಳಿ ನುಗ್ಗುತ್ತಿರುವಾಗ ಎಂಜಿನ್ ನಿಂತರೆ ವೇಪರ್ ಲಾಕ್ ಎಂದು ನಾನು ಒಪ್ಪುವುದಿಲ್ಲ; ಕಂಡೆನ್ಸರ್ ಅಥವಾ ಟ್ಯಾಂಕಿನ ಮುಚ್ಚಳವನ್ನೇ ಮೊದಲು ನೋಡುತ್ತೇನೆ.

ನಿಜವಾದ ಆವಿಯ ತೊಂದರೆ ಬರುವುದು ಓಡಿ ನಿಲ್ಲಿಸಿದ ಮೇಲೆ. ಬಿಸಿಲಿನಲ್ಲಿ ಬಂದು, ಊಟಕ್ಕೆಂದು ಇಪ್ಪತ್ತು ನಿಮಿಷ ನಿಲ್ಲಿಸಿದಾಗ ಗಾಳಿ ನಿಂತು, ಮ್ಯಾನಿಫೋಲ್ಡಿನ ಬಿಸಿಯೆಲ್ಲ ಮೇಲಕ್ಕೇರಿ ಫ್ಲೋಟ್ ಚೇಂಬರಿನ ಪೆಟ್ರೋಲನ್ನು ಕುದಿಸುತ್ತದೆ. ಆಮೇಲೆ ಸ್ಟಾರ್ಟ್ ಆಗುವುದು ಕಷ್ಟ, ಆದರೂ ಮೊದಲ ಕಿಲೋಮೀಟರ್ ಮುಗ್ಗರಿಸಿ ಅನಂತರ ಸರಿಹೋಗುತ್ತದೆ. ಇದಕ್ಕೆ ಮದ್ದು ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವಿನ ಹೀಟ್ ಶೀಲ್ಡ್. ಎಷ್ಟೋ ಕಾರುಗಳಲ್ಲಿ ಇದು ಯಾವುದೋ ರಿಪೇರಿಯಲ್ಲಿ ಕಳೆದುಹೋಗಿರುತ್ತದೆ, ಇದ್ದರೂ ಅದರ ನಿರೋಧಕ ಹೊದಿಕೆ ಉದುರಿರುತ್ತದೆ. ಕಾರ್ಬುರೇಟರ್ ಹಿಂದಿನ ದಪ್ಪ ನಿರೋಧಕ ಬ್ಲಾಕುಗಳ ಜಾಗದಲ್ಲಿ ಬರಿಯ ಪ್ಯಾಕಿಂಗ್ ಕಾಗದ ಇರುವುದನ್ನೂ ನೋಡಿದ್ದೇನೆ. ಎರಡನ್ನೂ ಮೂಲ ರೀತಿಗೆ ತಂದು, ನಿಲ್ಲಿಸಿದಾಗ ಬಾನೆಟ್ಟನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಬೇಸಿಗೆಯಲ್ಲೂ ನಡೆಯುತ್ತದೆ.

ಎರಡೂ ಇದ್ದು ಎಂಜಿನ್ ಸೊರಗಿದರೆ

ಕಿಡಿಯೂ ಪೆಟ್ರೋಲೂ ಇದ್ದು, ಟೆಂಪರೇಚರ್ ಮುಳ್ಳು ಬಲಗಡೆಯ ತುದಿಗೆ ಹತ್ತಿದ್ದರೆ ಅದು ರೇಡಿಯೇಟರಿನ ಮಾತು. ಕೊಯ್ಲಿನ ದಿನಗಳಲ್ಲಿ ಮೆಕ್ಕೆಜೋಳವನ್ನು ಸರ್ವಿಸ್ ರಸ್ತೆಯ ಮೇಲೆ ಒಣಹಾಕುವ ನಮ್ಮ ಭಾಗದಲ್ಲಿ ಅದರ ಹೊಟ್ಟು ರೇಡಿಯೇಟರಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಸಿ ತೆಗೆಯಬೇಕು, ಮುಂದಿನಿಂದ ಹೊಡೆದರೆ ಇನ್ನೂ ಒಳಕ್ಕೆ ಸೇರುತ್ತದೆ. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಎಂದೂ ಹಾಕಬೇಡಿ. ಗಡಸು ನೀರು ಎಂಜಿನ್ ಬ್ಲಾಕಿನೊಳಗೆ ಬಿಳಿಯ ಪದರ ಕಟ್ಟಿ, ಹಿಂದಿನ ಸಿಲಿಂಡರಿನ ಸುತ್ತ ನೀರು ಸರಿಯಾಗಿ ಆಡದಂತೆ ಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಿಶ್ರಣವೇ ಆಗಬೇಕು. ಥರ್ಮೋಸ್ಟಾಟನ್ನು ಕಿತ್ತೆಸೆಯುವ ಸಲಹೆಯನ್ನು ಕೇಳಬೇಡಿ. 82 ಡಿಗ್ರಿಯದು, ಅಥವಾ ಬಿಸಿ ಪ್ರದೇಶಕ್ಕೆಂದೇ ಇರುವ 74 ಡಿಗ್ರಿಯದು ಇರಲಿ.

ಬಿಸಿಯೂ ಸರಿಯಾಗಿದ್ದು ಎಳೆತ ಮಾತ್ರ ಕಡಿಮೆಯಿದ್ದರೆ, ಪ್ಲಗ್‌ಗಳು ಸುಣ್ಣದಂತೆ ಬೆಳ್ಳಗಿದ್ದರೆ, ಇ20ರಿಂದ ಮಿಶ್ರಣ ತೆಳುವಾಗಿದೆ. ಎಸ್‌ಯು ಕಾರ್ಬುರೇಟರಿನ ಅಡಿಯ ಜೆಟ್ ನಟ್ಟನ್ನು ಕೆಳಕ್ಕೆ, ಒಂದು ಸಲಕ್ಕೆ ನಟ್ಟಿನ ಆರು ಮುಖಗಳಲ್ಲಿ ಒಂದರಷ್ಟು ಮಾತ್ರ, ಎರಡೂ ಕಾರ್ಬುರೇಟರಿನಲ್ಲಿ ಸಮವಾಗಿ ತಿರುಗಿಸಿ, ಓಡಿಸಿ, ಪ್ಲಗ್ ನೋಡಿ. ಕಂದು ಬಣ್ಣ ಬಂದಾಗ ನಿಲ್ಲಿಸಿ.

ದುರಸ್ತಿಯ ನಂತರದ ಪರೀಕ್ಷೆ

ಗ್ಯಾರೇಜಿನ ನೆರಳಿನಲ್ಲಿ ಎಂಜಿನ್ ಓಡಿದ್ದು ಪರೀಕ್ಷೆಯಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ, ಸುಮಾರು 60 ಕಿಲೋಮೀಟರ್, ಒಂದೇ ವೇಗದಲ್ಲಿ ಹೋಗಿ. ಕೋಟೆಯ ಬಳಿ ನೆರಳಿಲ್ಲದ ಜಾಗದಲ್ಲಿ ಬಾನೆಟ್ ಮುಚ್ಚಿಯೇ ಕಾಲು ಗಂಟೆ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ಊರೊಳಗಿನ ದಟ್ಟಣೆಯಲ್ಲಿ ಎರಡನೇ ಗೇರ್‌ನಲ್ಲಿ ಸುತ್ತಿ, ಅಲ್ಲಿಂದ ಹಿಂದಿರುಗಿ. ಮುಖ್ಯವಾಗಿ, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ ಈ ಪರೀಕ್ಷೆ ಮಾಡಿ, ಬದಲಿಸಿದ ಭಾಗವನ್ನು ದಿನಾಂಕದ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೋಷವಿಲ್ಲವೆಂದು ತೇಲಿದ ಹಳೆಯ ಭಾಗವನ್ನು ಎಸೆಯದೆ, ಟೆಸ್ಟ್ ಲ್ಯಾಂಪ್, ಕ್ಲಿಪ್ ಹಾಕಿದ ಕಂಡೆನ್ಸರ್, ಒಂದು ಜೊತೆ ಪಾಯಿಂಟ್, ರೋಟರ್ ಮತ್ತು ಒಂದು ಮೀಟರ್ ಹೋಸ್ ಜೊತೆಗೆ ಡಿಕ್ಕಿಯಲ್ಲಿಯೇ ಇಟ್ಟುಕೊಳ್ಳಿ.